ಗುರುವಾರ ಬರುವ ಗಂಡಸರು

ಮಣ್ಣು, ನೀರು, ಬಿಸಿಲು, ಉಪವಾಸ. ಪ್ರಕೃತಿ ಚಿಕಿತ್ಸೆಯ ಡಾಕ್ಟರಾದ ನನ್ನ ಔಷಧಿ ಅಂಗಡಿಯಲ್ಲಿ ಇರುವುದು ಇಷ್ಟೇ. ಇದರಲ್ಲಿ ನಗುವಂಥದ್ದು ಏನಿದೆ ಅಂತ ಕೇಳುವವರು ಒಂದು ಗುರುವಾರ ಹರಿಹರಕ್ಕೆ ಬಂದು ನನ್ನ ಪಕ್ಕ ಕೂರಬೇಕು. ಉಳಿದ ದಿನ ದಾವಣಗೆರೆಯಲ್ಲಿರುತ್ತೇನೆ. ಗುರುವಾರ ಮಾತ್ರ ಹರಿಹರದ ಎರಡು ಕೋಣೆಗಳಲ್ಲಿ ಗಂಡಸರಿಗಷ್ಟೇ ಚಿಕಿತ್ಸೆ. ಹೆಂಗಸರು ಕುರ್ಚಿಯಲ್ಲಿ ಕೂರುವ ಮೊದಲೇ ಎಲ್ಲಿ ನೋವು ಅಂತ ಹೇಳಿಬಿಡುತ್ತಾರೆ. ಗಂಡಸರು ಮಳೆ, ಮೆಕ್ಕೆಜೋಳ, ರಾಜಕೀಯ ಎಲ್ಲ ಮುಗಿಸಿ, ಎದ್ದು ಚಪ್ಪಲಿ ಮೆಟ್ಟುವಾಗ "ಇನ್ನೊಂದು ಸಣ್ಣ ವಿಷಯ ಐತೆ ಸಾರ್" ಅನ್ನುತ್ತಾರೆ. ಅವರು ಬಂದಿರುವುದೇ ಆ ಸಣ್ಣ ವಿಷಯಕ್ಕೆ.

ಗೆಳೆಯನ ಹೊಟ್ಟೆ

ಶುರುವಿನಲ್ಲೇ ಬಟ್ಟೆ ಅಂಗಡಿಯವರೊಬ್ಬರು ಬಂದು, ತಮ್ಮ ಗೆಳೆಯನಿಗೆ ಮೂರು ದಿನವಾದರೂ ಹೊಟ್ಟೆ ಖಾಲಿಯಾಗುವುದಿಲ್ಲ, ಏನು ಮಾಡಬೇಕು ಅಂದರು. ಹೇಳುವಾಗ ಸವರಿಕೊಳ್ಳುತ್ತಿದ್ದದ್ದು ತಮ್ಮ ಹೊಟ್ಟೆಯನ್ನೇ. "ರೋಗಿಯನ್ನು ನೋಡದೆ ನಾನು ಏನೂ ಹೇಳಲ್ಲ, ಅವರನ್ನೇ ಕರ್ಕೊಂಡು ಬನ್ನಿ" ಅಂದೆ. ತಪ್ಪು ನನ್ನದು. ಮುಂದಿನ ಗುರುವಾರ ನಿಜವಾಗಿಯೂ ಒಬ್ಬ ಗೆಳೆಯನನ್ನು ತಂದು ಕೂರಿಸಿದರು. ನಾನು ಏನು ಕೇಳಿದರೂ ಆತ ಅಂಗಡಿಯವರ ಮುಖ ನೋಡಿ "ಹೌದ್ರಿ" ಅನ್ನುತ್ತಿದ್ದ. ಬೆಳಿಗ್ಗೆ ಬಿಸಿನೀರು, ಹೊಟ್ಟೆಗೆ ಒದ್ದೆ ಬಟ್ಟೆಯ ಪಟ್ಟಿ, ರಾತ್ರಿ ಊಟಕ್ಕೆ ಪರಂಗಿ ಹಣ್ಣು, ಹೊಳೆ ದಂಡೆಯ ಮೇಲೆ ನಡಿಗೆ ಅಂತ ಬರೆದುಕೊಟ್ಟೆ.

ಎರಡು ವಾರ ಬಿಟ್ಟು ಇಬ್ಬರೂ ಬಂದರು. ಗೆಳೆಯನ ಮುಖ ಅರಳಿತ್ತು. "ಸಾರ್, ನನಗೂ ಅದೇ ಕಾಟ ಇತ್ತು, ಯಾರ ಮುಂದೂ ಬಾಯಿ ಬಿಟ್ಟಿರ್ಲಿಲ್ಲ. ಈಗ ಆರಾಮ್ ಆಗೀನಿ!" ಹಿಂದೆ ನಿಂತಿದ್ದ ಅಂಗಡಿಯವರ ಮುಖ ಮಾತ್ರ ಹುಳ್ಳಗಿತ್ತು.

"ಚೀಟಿ ಅವ್ನೇ ಇಟ್ಕಂಡ ಸಾರ್. ನನಗೊಂದು ಬರ್ಕೊಡ್ರಿ."

ಮೇಷ್ಟ್ರ ಮೊಣಕಾಲು

ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಮೊಣಕಾಲು ನೋವು ಅಂತ ಬಂದರು. ಅರ್ಧ ಹರಿಹರ ಅವರ ಕೈಯಲ್ಲಿ ಪೆಟ್ಟು ತಿಂದು ದೊಡ್ಡದಾಗಿದೆ. ಮೊಣಕಾಲಿಗೆ ಮಣ್ಣಿನ ಪಟ್ಟಿ ಹಾಕಿ, ಇಪ್ಪತ್ತು ನಿಮಿಷ ಅಲ್ಲಾಡಬಾರದು ಅಂದೆ. ಆರನೇ ನಿಮಿಷಕ್ಕೆ ಎದ್ದು ಹೊರಗೆ ಹೋದರು. ಬಂದು ಮಲಗಿದರು. ಹದಿನಾಲ್ಕನೇ ನಿಮಿಷಕ್ಕೆ ಮತ್ತೆ ಎದ್ದರು. ಮಣ್ಣು ಮೆತ್ತಿದ ಕಾಲಿನಲ್ಲೇ ಬಚ್ಚಲಿನವರೆಗೆ ಓಡಿದ ವೇಗ ನೋಡಿದರೆ ಅವರ ಮೊಣಕಾಲು ನನ್ನದಕ್ಕಿಂತ ಚೆನ್ನಾಗಿತ್ತು.

"ಮೇಷ್ಟ್ರೇ, ಮೊಣಕಾಲಿಗೆ ಏನೂ ಆಗಿಲ್ಲ. ನಿಜ ಹೇಳಿ" ಅಂದೆ.

ಬಾಗಿಲು ಹಾಕಿ ಬಂದು ಕೂತರು. ಗಂಟೆಗೆ ಮೂರು ಸಲ ಹೋಗಬೇಕಂತೆ. ಬಂದರೆ ತಡೆಯಲು ಆಗುವುದಿಲ್ಲವಂತೆ. ಆರು ತಿಂಗಳಿಂದ ಹೆಂಡತಿಗೂ ಹೇಳಿಲ್ಲ. "ಮಗಳ ಮದ್ವಿ ಐತೆ ಡಾಕ್ಟ್ರೇ, ಇನ್ನು ಏಳು ವಾರ. ಧಾರೆಗೆ ಕೂತ್ರೆ ಒಂದು ತಾಸು ಏಳಂಗಿಲ್ಲ. ನಡುವೆ ಪಂಚೆ ಹಿಡ್ಕಂಡು ಓಡಿದ್ರೆ ಬೀಗರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?" ಅದಕ್ಕೆ ಅವರೇ ಒಂದು ಚಿಕಿತ್ಸೆ ಕಂಡುಕೊಂಡಿದ್ದರು: ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನನಗೆ ನಗು ಬರಲಿಲ್ಲ, ಕೋಪ ಬಂತು.

ಮೊದಲು ಮೂತ್ರರೋಗ ತಜ್ಞರ ಹತ್ತಿರ ಕಳಿಸಿದೆ. ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದೆ, ಹೆದರುವಂಥದ್ದೇನಿಲ್ಲ ಅಂದು ಅವರು ಮಾತ್ರೆ ಕೊಟ್ಟರು. ಮಾತ್ರೆಯ ಜೊತೆಗೆ ನನ್ನ ಕಡೆಯಿಂದ ಸೊಂಟದವರೆಗೆ ಉಗುರುಬೆಚ್ಚನೆ ನೀರಿನಲ್ಲಿ ಕೂರುವುದು, ಲೆಕ್ಕ ಹಾಕಿ ನೀರು, ಚಹಾ ಬಂದ್. ಜೊತೆಗೆ ವಾರಕ್ಕೆ ಐದೈದು ನಿಮಿಷ ಹೆಚ್ಚು ತಡೆಯುವ ಅಭ್ಯಾಸ. ಮೇಷ್ಟ್ರು ಟೈಂ ಟೇಬಲ್ ಬರೆದು ಗೋಡೆಗೆ ಅಂಟಿಸಿದರು. ಇದು ಏನು ಅಂತ ಹೆಂಡತಿ ಕೇಳಿದ್ದಕ್ಕೆ "ಮೊಣಕಾಲಿಂದು" ಅಂದರಂತೆ.

ಶೆಟ್ಟರ ಉಪವಾಸ

ಅದೇ ದಿನಗಳಲ್ಲಿ ಕಿರಾಣಿ ವ್ಯಾಪಾರದ ಶೆಟ್ಟರು ಬಂದರು. ಬಿಪಿ ಏರಿತ್ತು, ಹೊಟ್ಟೆ ಅವರಿಗಿಂತ ಮೊದಲೇ ಒಳಗೆ ಬರುತ್ತಿತ್ತು. "ವಾರಕ್ಕೊಂದು ದಿನ ಉಪವಾಸ ಮಾಡಿ, ಬಿಪಿ ಮಾತ್ರೆ ಮಾತ್ರ ಬಿಡಬೇಡಿ" ಅಂದೆ.

"ಅಯ್ಯೋ, ಉಪವಾಸ ನಮಗೆ ಹೇಳ್ಕೊಡ್ತೀರಾ? ಸೋಮವಾರ, ಏಕಾದಶಿ, ಶಿವರಾತ್ರಿ ಎಲ್ಲಾ ತಪ್ಪದೆ ಮಾಡೋ ಮನೆತನ ನಮ್ದು. ಒಂದಲ್ಲ, ವಾರಕ್ಕೆ ಮೂರು ದಿನ ಮಾಡ್ತೀನಿ."

ಅವರ ಶ್ರದ್ಧೆ ನೋಡಿ ನನಗೆ ಖುಷಿಯಾಯಿತು. ತಿಂಗಳಾದ ಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಎರಡು ಕಿಲೋ ಹೆಚ್ಚು! ಯಂತ್ರ ಕೆಟ್ಟಿರಬೇಕೆಂದು ನಾನೇ ಹತ್ತಿ ಇಳಿದೆ. ಯಂತ್ರ ಸರಿಯಾಗಿತ್ತು.

"ಉಪವಾಸದ ದಿನ ಏನು ತಿಂತೀರಿ?"

"ಏನೂ ಇಲ್ರಿ. ಅನ್ನ ಒಂದಗಳು ಮುಟ್ಟಂಗಿಲ್ಲ. ಬೆಳಿಗ್ಗೆ ಸಾಬೂದಾಣಿ ಕಿಚಡಿ, ಹತ್ತು ಗಂಟೆಗೆ ಬಾಳೆಹಣ್ಣು, ಮಧ್ಯಾಹ್ನ ಬೆಲ್ಲ ಕೊಬ್ರಿ ಹಾಕಿದ ಅವಲಕ್ಕಿ, ಸಂಜಿಕೆ ಶೇಂಗಾ ಉಂಡಿ ನಾಲ್ಕು, ಮಲಗೋವಾಗ ಗಟ್ಟಿ ಹಾಲು. ಅಷ್ಟೇ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಶೆಟ್ಟರು ಗಾಬರಿಯಿಂದ ಮುಂದಕ್ಕೆ ಬಾಗಿದರು.

"ಯಾಕ್ರಿ, ಇಷ್ಟು ಕಟ್ಟುನಿಟ್ಟು ಸಾಲ್ದೇನು? ಏಳೂ ದಿನ ಮಾಡ್ಲಾ?"

ಮಣ್ಣಿನ ಪರೀಕ್ಷೆ

ಹದಡಿಯ ರೈತರೊಬ್ಬರಿಗೆ ಹೊಟ್ಟೆ ಉರಿ, ಹುಳಿ ತೇಗು. ಮಿರ್ಚಿ ಮಂಡಕ್ಕಿ ಬಿಡಿಸುವುದು ನನ್ನಿಂದಾಗದ ಕೆಲಸ, ಹೊಟ್ಟೆಗೆ ತಂಪು ಮಣ್ಣಿನ ಪಟ್ಟಿಯಾದರೂ ಹಾಕೋಣ ಅಂತ ಮಲಗಿಸಿದೆ. ಪಕ್ಕದ ಮಂಚದಲ್ಲಿ ನಮ್ಮ ಮೇಷ್ಟ್ರು. ಅಂದು ಅವರಿಗೆ ನಲವತ್ತು ನಿಮಿಷದ ಪರೀಕ್ಷೆ. ಗೋಡೆ ಗಡಿಯಾರವನ್ನೇ ನೋಡುತ್ತ ಹಲ್ಲು ಕಚ್ಚಿ ಮಲಗಿದ್ದರು.

ರೈತರು ಹೊಟ್ಟೆ ಮೇಲಿನ ಮಣ್ಣನ್ನು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದರು, ಮೂಸಿದರು. "ಎಲ್ಲಿ ಮಣ್ಣು ಸಾರ್ ಇದು?"

"ಆಳದಿಂದ ತೆಗೆಸಿ, ಒಣಗಿಸಿ, ಜರಡಿ ಹಿಡಿದದ್ದು. ತುಂಬ ಶುದ್ಧ."

"ಶುದ್ಧ ಇರ್ಬೋದು, ಸತ್ವ ಇಲ್ಲ. ಒಂದು ಎರೆಹುಳ ಇಲ್ಲ. ನಮ್ಮ ಹೊಲದ ಎರೆಮಣ್ಣು ತಂದುಕೊಡ್ತೀನಿ, ಒಂದು ಟ್ರಾಕ್ಟರ್ ಇಳಿಸ್ಲಾ?"

ಬಾಗಿಲ ಹೊರಗೆ ಕಾಯುತ್ತಿದ್ದ ಇನ್ನಿಬ್ಬರು ರೈತರೂ ಒಳಗೆ ಬಂದು, ಅವರ ಹೊಟ್ಟೆಯಿಂದ ಒಂದೊಂದು ಚಿಟಿಕೆ ತೆಗೆದು ನೋಡಿದರು. ಒಬ್ಬರು ಕೊಟ್ಟಿಗೆ ಗೊಬ್ಬರ ಬೆರೆಸಬೇಕು ಅಂದರು. ಇನ್ನೊಬ್ಬರು ಮೊದಲು ಸುಣ್ಣ ಹಾಕಿ ಅಂದರು. ಮಲಗಿದ್ದವರ ಹೊಟ್ಟೆ ಮೇಲೆಯೇ ಕೃಷಿ ಸಭೆ ನಡೆಯಿತು. ಮೇಷ್ಟ್ರು ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದು, "ಯಾರೂ ನಗಿಸ್ಬ್ಯಾಡ್ರೋ, ಇನ್ನು ಒಂಬತ್ತು ನಿಮಿಷ ಐತೆ!" ಅಂತ ಗೋಗರೆದರು.

ಕೊನೆಗೆ ಹದಡಿಯವರು ಎದ್ದು ಹೊಟ್ಟೆ ಒರೆಸಿಕೊಂಡರು. ಉರಿ ಹೇಗಿದೆ ಅಂತ ಕೇಳಿದೆ.

"ಉರಿ ಹೋತು ಸಾರ್. ಆದ್ರೂ ಈ ಮಣ್ಣಾಗೆ ನೀವು ಶೇಂಗಾ ಮಾತ್ರ ಹಾಕ್ಬ್ಯಾಡ್ರಿ."

ಮದುವೆ ಮಂಟಪದಲ್ಲಿ

ಮದುವೆಯ ದಿನ ಬಂತು. ಮೇಷ್ಟ್ರು ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು, ಧೈರ್ಯಕ್ಕೆ. ಧಾರೆ ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಮೇಷ್ಟ್ರು ಕದಲಲಿಲ್ಲ. ನಾನೇ ಗಳಿಗೆಗೊಮ್ಮೆ ವಾಚು ನೋಡುತ್ತಿದ್ದೆ. ಐವತ್ತಾದಾಗ ನನ್ನ ಕಡೆ ನೋಡಿ, ಪರೀಕ್ಷೆ ಪಾಸಾದ ಹುಡುಗನಂತೆ ಸಣ್ಣಗೆ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು.

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಮದುವೆ ಮಾಡಿಸುತ್ತಿದ್ದ ಅಯ್ಯನವರು ಮೈಕನ್ನು ಕೆಳಗಿಟ್ಟು, "ಎರಡು ನಿಮಿಷ ಬಂದೆ" ಅಂತ ಪಂಚೆ ಎತ್ತಿ ಕಟ್ಟಿಕೊಂಡು ಹಿಂಬಾಗಿಲಿಗೆ ಓಡಿದರು. ಎರಡು ನಿಮಿಷ ಹೋಗಿ ಐದಾಯಿತು. ಮುಹೂರ್ತ ಮೀರುತ್ತೆ ಅಂತ ಗಂಡಿನ ಕಡೆಯವರು ಗೊಣಗಿದರು. "ಇದೆಂಥ ಅಯ್ಯನೋರು, ಇಷ್ಟು ಹೊತ್ತು ತಡ್ಕೊಳಕಾಗಲ್ವಾ?" ಅಂತ ಯಾರೋ ಕಿಸಕ್ಕನೆ ನಕ್ಕರು.

ಮೇಷ್ಟ್ರಿಗೆ ಸಿಟ್ಟು ಬಂತು. ಮೈಕ್ ಎತ್ತಿಕೊಂಡು, ತರಗತಿಯ ಧ್ವನಿಯಲ್ಲಿ "ಕೂಡ್ರಿ ಎಲ್ಲಾರೂ!" ಅಂದರು. ಹಳೆಯ ಶಿಷ್ಯರು ತುಂಬಿದ್ದ ಮಂಟಪ ಗಪ್‌ಚಿಪ್.

"ನಗ್ತೀರಾ? ಅದರ ಕಷ್ಟ ನಿಮಗೇನು ಗೊತ್ತು? ನನಗೂ ಅದೇ ಐತೆ. ಪ್ರಾಸ್ಟೇಟ್! ಗಂಟೆಗೆ ಮೂರು ಸಲ ಓಡ್ತಿದ್ದೆ. ನಾಚ್ಕೆಂಡು ಆರು ತಿಂಗಳು ಹೆಂಡ್ತಿಗೂ ಹೇಳ್ದೆ ಒದ್ದಾಡೀನಿ. ನೀರು ಬಿಟ್ಟು ಸಾಯೋದ್ರಾಗಿದ್ದೆ. ಯಾರೂ ಮುಚ್ಚಿಡಬ್ಯಾಡ್ರಿ, ಡಾಕ್ಟ್ರಿಗೆ ತೋರಿಸ್ರಿ. ಇಲ್ಲೇ ಮುಂದಿನ ಸಾಲಿನಾಗೆ ಕೂತಾರೆ. ಅಯ್ಯನೋರು ಬಂದ್ಮೇಲೆ ಯಾರಾದ್ರೂ ಹಲ್ಲು ಕಿರಿದ್ರೆ ನೋಡ್ರಿ ಮತ್ತೆ!"

ಮೇಷ್ಟ್ರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತರು. ಅಷ್ಟರಲ್ಲಿ ಅಯ್ಯನವರು ಏದುಸಿರು ಬಿಡುತ್ತ ಬಂದರು. ಇಡೀ ಮಂಟಪ ಎದ್ದು ನಿಂತು, ಕರುಣೆಯಿಂದ ಅವರನ್ನೇ ನೋಡಿತು. ಅಯ್ಯನವರಿಗೆ ತಲೆಬುಡ ತಿಳಿಯಲಿಲ್ಲ.

"ಯಾಕ್ರಪ್ಪಾ ಹಿಂಗ್ ನೋಡ್ತೀರಿ? ಮದುಮಗಳ ಕಾಲುಂಗುರ ನನ್ನ ಕೈಗೆ ಕೊಟ್ಟಿದ್ರು, ಕಾರಿನಾಗೆ ಬಿಟ್ಟಿದ್ದೆ, ಡ್ರೈವರ್ ಕೀಲಿ ತಗಂಡು ಚಹಾಕ್ಕೆ ಹೋಗಿದ್ದ."

ಮೊದಲು ನಕ್ಕವಳು ಮದುಮಗಳು. ತಂದೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಇಡೀ ಮಂಟಪ ನಕ್ಕಿತು, ಕೊನೆಗೆ ಮೇಷ್ಟ್ರೂ. ಆ ನಗುವಿನಲ್ಲೇ ಕೊರಳಿಗೆ ತಾಳಿ ಬಿತ್ತು, ತಲೆಗೆ ಅಕ್ಕಿಕಾಳು ಬಿತ್ತು.

ಊಟಕ್ಕೆ ಕೂತಾಗ ನನ್ನ ಪಕ್ಕದ ಕುರ್ಚಿಗೆ ಗಂಡಿನ ತಂದೆ ಬಂದು ಕೂತರು. ಅಷ್ಟು ಹೊತ್ತು ಮುಖ ಗಂಟು ಹಾಕಿಕೊಂಡಿದ್ದ ಬೀಗರು. ಗಂಟಲು ಸರಿಮಾಡಿಕೊಂಡರು. ಹಿಂದೆ ನೋಡಿದರು, ಮುಂದೆ ನೋಡಿದರು. ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಡಾಕ್ಟ್ರೇ, ಆ ಮೈಕು ಬಂದ್ ಆಗೈತಲ್ಲ?"