ಮಾಮಾನ ಚಡ್ಡಿ, ತಮ್ಮನ ಸೈಕಲ್

ಬಟ್ಟೆಯ ಸಲುವಾಗಿ ನಾಲ್ಕು ಮಂದಿ ನಕ್ಕಿಲ್ಲ ಅನ್ನುವಂಥ ವರ್ಷವೇ ನಮ್ಮ ಮನೆಯಲ್ಲಿ ಕಳೆದಿಲ್ಲ. ಮಕ್ಕಳ ಬಟ್ಟೆಯನ್ನು ಈಗಿನ ಮೈಗಲ್ಲ, ಮುಂದೆ ಬರೋ ಮೈಗೆ ಹೊಲಿಸಬೇಕು ಅನ್ನೋದು ಅವ್ವನ ಕಾನೂನು. ನಾನು ಏಳನೇ ಇಯತ್ತೆಗೇ ಸಾಲಿಗೆ ಶರಣು ಹೊಡೆದು ಮನೆಯಲ್ಲಿ ಕೂತವನು. ಇಂಥವನ್ನು ಪುರಸೊತ್ತಾಗಿ ನೋಡಿದ್ದೇನೆ.

೧. ಅಳತೆ

ಬಿಜ್ಜರಗಿಯ ಸೋದರಮಾವ ಮೊದಲು ಸೈಕಲ್ ರೇಸಿಗೆ ಹೋಗುತ್ತಿದ್ದ. ಮದುವೆಯಾದ ಮೇಲೆ ಅವನಿಗೆ ಹೊಟ್ಟೆ ಬಂತು, ಅವನ ರೇಸಿನ ಚಡ್ಡಿ ನಮ್ಮ ಮನೆಗೆ ಬಂತು. ನನ್ನ ತಮ್ಮ ಟಿಕೋಟಾದವರೆಗಿನ ಹುಡುಗರ ರೇಸಿಗೆ ಹೆಸರು ಕೊಟ್ಟಿದ್ದ. ಎಷ್ಟು ಸಣಕಲ ಅಂದರೆ, ಸೈಕಲ್ಲಿಗೆ ಒರಗಿ ನಿಂತರೆ ಸೈಕಲ್ ಒಂದೇ ಕಾಣುತ್ತಿತ್ತು. ಗೆದ್ದವನಿಗೆ ಹೊಸ ರೇಸ್ ಡ್ರೆಸ್ ಅಂತೆ. ಅವನ ಜೀವವೆಲ್ಲ ಅದರ ಮೇಲೆಯೇ. ಯಾರೂ ಹಾಕಿ ಬಿಡದ, ತನ್ನ ಮೈಗೆ ಕೂಡೋ ಬಟ್ಟೆ ಒಮ್ಮೆಯಾದರೂ ಹಾಕಬೇಕಿತ್ತು ಅವನಿಗೆ.

ಗಾಂಧಿ ಚೌಕದ ಟೇಲರ್ ಚಾಚಾ ಮಾಮಾನ ಚಡ್ಡಿ ಎತ್ತಿ ಹಿಡಿದರು. "ಇದರಾಗ ಇಂಥಾವ್ರು ಮೂರು ಮಂದಿ ಕೂಡ್ತಾರ. ಉಳದ ಇಬ್ಬರು ಎಲ್ಲಿ?"

"ಬೆಳೆಯೋ ಹುಡುಗ ಅಣ್ಣಾರ. ಕತ್ತರಿ ಹಚ್ಚಬ್ಯಾಡ್ರಿ, ಒಳಗ ಮಡಚ್ರಿ. ಮುಂದ ಬಿಚ್ಚಾಕ ಬರಬೇಕು, ಕಚ್ಚಾ ಹೊಲಿಗಿ ಹಾಕ್ರಿ" ಅಂದಳು ಅವ್ವ.

ಚಾಚಾ ಮಡಚಿದರು, ಮಡಚಿದರು. ಕಡೆಗೆ ಅಂದರು, "ಒಳಗ ಇನ್ನ ಜಾಗಾ ಇಲ್ಲ ತಂಗಿ. ಹುಡುಗನ್ನ ಹೊರಗ ಇಡ್ಲೇನು?"

೨. ಗಾದಿ

ಮಡಚಿದ್ದೆಲ್ಲ ಹಿಂದೆ ಉಬ್ಬಿ ಕೂತಿತ್ತು. ಓಣಿ ಹುಡುಗರು ಕೇಳಿದರು, "ಏನಲೇ ಅದು?"

"ಪುಣೆದ ಗಾದಿ ಚಡ್ಡಿ. ದೊಡ್ಡ ರೇಸಿನವ್ರು ಇದನ್ನ ಹಾಕ್ತಾರ" ಅಂದೆ ನಾನು.

ಮರುದಿನ ಎಲ್ಲರ ಚಡ್ಡಿಯ ಹಿಂದೆಯೂ ಉಬ್ಬು. ಮಧ್ಯಾಹ್ನ ಎದುರು ಮನೆ ಅಜ್ಜಿ ಅರ್ಧ ಕೌದಿ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು.

"ಉಳದ ಅರ್ಧ ಎಲ್ಲಿ ಬೇ?" ಅಂತ ಅವ್ವ ಕೇಳಿದಳು.

"ಸೈಕಲ್ ಹೊಡ್ಯಾಕ ಹೋಗೇತಿ."

೩. ದಾರ

ರೇಸಿನ ದಿನ ನಾನು ಬಾಡಿಗೆ ಸೈಕಲ್ ಮೇಲೆ ತಮ್ಮನ ಬೆನ್ನು ಹತ್ತಿದೆ. ಕೌದಿ ಹುಡುಗರು ಬೆವತು ಹಿಂದೆ ಬಿದ್ದರು. ತಮ್ಮ ಮುಂದೆ. ಆಗ ಅವನ ಚಡ್ಡಿಯಿಂದ ಒಂದು ದಾರ ಜೋತಾಡೋದು ಕಂಡಿತು. ನೋಡನೋಡುತ್ತ ಅದು ಚೈನಿಗೆ ಸಿಕ್ಕಿತು. ಇನ್ನೇನು, ಅವನು ಪೆಡಲ್ ತುಳಿದಷ್ಟೂ ಹೊಲಿಗೆ ಬಿಚ್ಚುತ್ತದೆ, ಬಿಚ್ಚಿದಷ್ಟೂ ಚಡ್ಡಿ ಬೆಳೆಯುತ್ತದೆ. ಒಳಗೆ ಗಾಳಿ ಹೊಕ್ಕು ಬಲೂನಿನಂತೆ ಉಬ್ಬಿತು. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ನಡದ ಮೇಲೆ.

"ನಿಂದ್ರಲೇ, ದಾರಾ ಸಿಕ್ಕೈತಿ" ಅಂತ ಒದರಿದೆ.

"ನಿಂತರ ಇಳೀತೈತಿ ಅಣ್ಣಾ" ಅಂದವನೇ ಮತ್ತೂ ಜೋರು ತುಳಿದ.

ಟಿಕೋಟಾದಲ್ಲಿ ಗೆರೆ ದಾಟಿದ ಮೊದಲನೆಯವನು ಅವನೇ. ದಾಟಿದ, ಇಳಿಯಲಿಲ್ಲ. ನೆರೆದ ಮಂದಿಯ ಸುತ್ತ ತಿರುಗತೊಡಗಿದ. ಊರ ಹಿರಿಯರೊಬ್ಬರು ಹಾರ ಹಿಡಿದು ಬೆನ್ನು ಹತ್ತಿದರು. "ಇಳಿಯೋ ತಮ್ಮಾ, ಹಾರ ಹಾಕ್ತೀವಿ."

"ಹಾರ ಬ್ಯಾಡ್ರೀ ಯಪ್ಪಾ, ಒಂದು ಲುಂಗಿ ಕೊಡ್ರಿ."

೪. ಬಹುಮಾನ

ಡ್ರೆಸ್ ಸಿಕ್ಕಿತು. ತಂದವರು ಹುಡುಗರ ರೇಸು ಅನ್ನೋದನ್ನ ಮರೆತು ಗಂಡಸಿನ ಅಳತೆಯದು ತಂದಿದ್ದರು. ಅಂಗಿ ತಮ್ಮನ ಮೊಳಕಾಲು ಮುಟ್ಟಿತು. ಅವನ ಕಣ್ಣಲ್ಲಿ ನೀರು. ಅವ್ವ ಮಾತ್ರ ಹಿಗ್ಗಿದಳು. "ಛಲೋ ಆತು ಬಿಡು, ಇವನ ಮದವಿ ಮಟಾ ಬರತೈತಿ."

ಮತ್ತೆ ಅದೇ ಚಾಚಾನ ಅಂಗಡಿ. ಅವ್ವ ಬಾಯಿ ತೆರೆಯುವ ಮೊದಲೇ ಚಾಚಾ, "ತಂಗಿ, ಹೊರಗ ನಿನ್ನ ಚಪ್ಪಲಿ ನಾಯಿ ಒಯ್ದಂಗಾತು ನೋಡು" ಅಂದರು. ಅವ್ವ ಹೊರಗೆ ಓಡಿ, ಚಪ್ಪಲಿ ಅಲ್ಲೇ ಇರೋದನ್ನ ನೋಡಿ ಬರುವಷ್ಟರಲ್ಲಿ ಕತ್ತರಿ ತನ್ನ ಕೆಲಸ ಮುಗಿಸಿತ್ತು. ಅಲ್ಲೇ ಹೊಲಿಸಿ ಹಾಕಿಕೊಂಡ ತಮ್ಮ ಕನ್ನಡಿಯ ಮುಂದಿನಿಂದ ಸರಿಯಲೇ ಇಲ್ಲ.

ಅವ್ವನ ಮುಖ ನೋಡಿ ನಾನು ಬಿದ್ದು ಬಿದ್ದು ನಕ್ಕೆ. ಅವ್ವ ಕತ್ತರಿಸಿ ಬಿದ್ದ ತುಂಡುಗಳನ್ನು ಆರಿಸಿಕೊಂಡಳು, ನನ್ನ ಕಡೆ ನೋಡಿದಳು. "ಅಣ್ಣಾರ, ಇದರಾಗ ಇವಗೊಂದು ಅಂಗಿ ಹೊಲೀರಿ."

"ಹೊಕ್ಕಳದ ಮ್ಯಾಲ ನಿಂದರತೈತಿ ತಂಗಿ."

"ನಿಂದರಲಿ ಬಿಡ್ರಿ. ಇವನ ಬೆಳೆಯೂದು ಮುಗದೈತಿ. ಇನ್ನ ಬಟ್ಟೀನೇ ಬೆಳೀಬೇಕು."