ಸಲಹೆಗಾಗಿ ಒಂದು ಶ್ರದ್ಧಾಂಜಲಿ

‘ನಿಮ್ಮ ಸಲಹೆ ಬೇಕಾಗಿ ಈ ಕಡತ ಕಳಿಸಿದ್ದೇನೆ’ ಎಂಬ ಈಮೇಲ್ ಕಂಡು ಮರ್ವ್ ಪೆಟಿಗ್ರೂ ಹಿಗ್ಗಿಹೋದ. ಇಡೀ ವಾರಂಡೂಕ್ ಊರಿನಲ್ಲಿ ಅವನ ಸಲಹೆ ಕೇಳಿದವರಿಲ್ಲ. ಕೇಳದೆ ಕೊಟ್ಟದ್ದೇ ಹೆಚ್ಚು. ತಕ್ಷಣ ತೆರೆದ. ಯಾರದೋ ಚರಂಡಿಯ ನಕ್ಷೆ. ‘ಅಗಲ ಸಾಲದು’ ಎಂದು ಉತ್ತರಿಸಿ ಚಹಾ ಕುಡಿಯಲು ಎದ್ದ.

ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಬೆರಿಲ್ ಬೇಲಿಯಾಚೆಯಿಂದ ಕೂಗಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಎಷ್ಟು ಚೆನ್ನಾಗಿ ಬರ್ದಿದ್ದೀಯಪ್ಪಾ! ಕ್ಲೆಮ್ ಹೋಗಿದ್ದು ಯಾವಾಗ?”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಅವನ ಶ್ರದ್ಧಾಂಜಲಿ ಭಾಷಣ ಊರಿಗೆಲ್ಲ ಕಳಿಸಿದವನು ನೀನೇ ಅಲ್ವಾ, ಸಲಹೆ ಬೇಕು ಅಂತ?”

“ನಾನು ಕಳಿಸಿಲ್ಲ! ಕ್ಲೆಮ್ ಬದುಕಿದ್ದಾನೆ!” ಎಂದ ಮರ್ವ್. ಕ್ಲೆಮ್ ಡೌಲಿಂಗ್ ಬೌಲ್ಸ್ ಕ್ಲಬ್ಬಿನ ಅಧ್ಯಕ್ಷ, ಮರ್ವ್ ಕಾರ್ಯದರ್ಶಿ. ನಲವತ್ತು ವರ್ಷ ಒಂದೇ ಹುಲ್ಲಂಗಳದಲ್ಲಿ ಚೆಂಡು ಉರುಳಿಸಿದ ಗೆಳೆಯರು. ಹೋದ ತಿಂಗಳು ಕ್ಲೆಮ್‌ಗೆ ಹೃದಯದ ಆಪರೇಷನ್ ಎಂದಾಗ, ಕೊನೆ ಗಳಿಗೆಯಲ್ಲಿ ಪರದಾಡಬಾರದೆಂದು ಮರ್ವ್ ಭಾಷಣ ಬರೆದಿಟ್ಟಿದ್ದ. ಕ್ಲೆಮ್ ಗುಂಡುಕಲ್ಲಿನ ಹಾಗೆ ಎದ್ದು ಬಂದ. ಅಷ್ಟು ಸೊಗಸಾದ ಭಾಷಣವನ್ನು ಅಳಿಸಲು ಮಾತ್ರ ಮನಸ್ಸು ಬಂದಿರಲಿಲ್ಲ.

“ಹಾಗಾದ್ರೆ ಇದು ಆ ಕಂಪ್ಯೂಟರ್ ಹುಳದ ಕೆಲ್ಸ!” ಎಂದಳು ಬೆರಿಲ್. “ಬೆಳಿಗ್ಗೆಯಿಂದ ರೇಡಿಯೋದಲ್ಲಿ ಬಡ್ಕೋತಿದ್ದಾರೆ. ಯಾರು ತೆರೀತಾರೋ ಅವರ ಕಂಪ್ಯೂಟರಿಂದ ಯಾವ್ದೋ ಒಂದು ಕಡತ ಎತ್ತಿ, ಅವರ ಹೆಸರಲ್ಲೇ ಎಲ್ಲರಿಗೂ ಕಳಿಸುತ್ತಂತೆ. ಅಯ್ಯೋ, ನಾನೂ ತೆರೆದೆನಲ್ಲ! ಸಾಲದ್ದಕ್ಕೆ ಸಾವಿನ ಮನೆಗೆ ಅಂತ ಕ್ಲೆಮ್ ಬಾಗಿಲಲ್ಲಿ ಒಂದು ಪಾತ್ರೆ ಮೀನಿನ ಕ್ಯಾಸರೋಲ್ ಅಡುಗೆ ಬೇರೆ ಇಟ್ಟು ಬಂದೆ!”

ಮರ್ವ್ ಕಾರು ಹತ್ತಿ ಧಾವಿಸಿದ. ಕ್ಲೆಮ್‌ನ ಅಡುಗೆಮನೆಯ ಮೇಜಿನ ಮೇಲೆ ಏಳು ಮನೆಯ ಪಾತ್ರೆಗಳಿದ್ದವು. ನಡುವೆ ಸತ್ತವನೇ ಕುಳಿತು ಉಣ್ಣುತ್ತಿದ್ದ. ಎಡಗೈಯಲ್ಲಿ ಭಾಷಣದ ಪ್ರತಿ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್.

“ಕ್ಲೆಮ್, ತಪ್ಪಾಯ್ತು ಕಣೋ. ನಾನು...” ಮರ್ವ್ ಬಾಗಿಲಲ್ಲೇ ನಿಂತ. ಎಪ್ಪತ್ತರ ವಯಸ್ಸಿನಲ್ಲಿ ಈ ಗೆಳೆಯನೂ ಮುನಿಸಿಕೊಂಡರೆ ಇನ್ನೊಬ್ಬನನ್ನು ಎಲ್ಲಿಂದ ತರುವುದು?

“ಸುಮ್ನೆ ಕೂತ್ಕೊಂಡು ತಿನ್ನು. ಸಲಹೆ ಕೇಳಿದ್ದೀಯಲ್ಲ, ಬರ್ಕೋ. ನಾನು ಚಾಂಪಿಯನ್ ಆಗಿದ್ದು ಎರಡು ಸಲ ಅಲ್ಲ, ಮೂರು ಸಲ. ‘ಸ್ವಲ್ಪ ಜುಗ್ಗ’ ಅನ್ನೋದನ್ನ ತೆಗಿ. ಮಿಕ್ಕಿದ್ದು ಓದಿ ನಂಗೇ ಅಳು ಬಂತು ಮಾರಾಯ.”

ಇಬ್ಬರೂ ಸಂಜೆಯವರೆಗೆ ಭಾಷಣ ತಿದ್ದುತ್ತ, ಪಾತ್ರೆ ಖಾಲಿ ಮಾಡುತ್ತ ಕುಳಿತರು. ಹೊರಡುವಾಗ ಕ್ಲೆಮ್ ಬೆನ್ನು ತಟ್ಟಿದ.

“ನಿಂಗೆ ಪಿತ್ತಕೋಶದ ಆಪರೇಷನ್ ಆದಾಗ ನಾನೂ ನಿಂದೊಂದು ಬರೆದಿಟ್ಟಿದ್ದೆ ಕಣೋ. ಊರಿಗೆ ಹಂಚಲಿಲ್ಲ, ಅಷ್ಟೇ.”

ಮರ್ವ್‌ನ ಎದೆ ತುಂಬಿ ಬಂತು. ದಾರಿಯುದ್ದಕ್ಕೂ ಅದೇ ಯೋಚನೆ. ನಲವತ್ತು ವರ್ಷದ ಗೆಳೆತನ, ಎಷ್ಟು ಪುಟ ಬರೆದಿರಬಹುದು!

ಮನೆಗೆ ಬಂದು ನೋಡಿದರೆ ಕ್ಲೆಮ್‌ನ ಹೆಸರಿನಲ್ಲಿ ಈಮೇಲ್ ಕಾದಿತ್ತು. ‘ನಿಮ್ಮ ಸಲಹೆ ಬೇಕಾಗಿ...’ ಕಡತದ ಹೆಸರು, ‘ಮರ್ವ್, ಕೊನೆಯ ಮಾತು’. ಹುಳವೆಂದು ಗೊತ್ತಿದ್ದೂ ಕೈ ತಡೆಯಲಿಲ್ಲ.

‘ಮರ್ವ್ ಒಳ್ಳೆಯವನು. ಚೆಂಡು ಉರುಳಿಸುವುದು ಮಾತ್ರ ಅವನಿಗೆ ಕೊನೆಯವರೆಗೂ ಬರಲಿಲ್ಲ. ಬಂದವರಿಗೆ ಚಹಾ ಆ ಕಡೆ ಇದೆ.’

ಅಷ್ಟೇ. ಎರಡನೆಯ ಪುಟವಿರಬಹುದೆಂದು ಮರ್ವ್ ಹುಡುಕಿದ. ಇರಲಿಲ್ಲ.

“ಮರ್ವ್!” ಬೇಲಿಯಾಚೆಯಿಂದ ಬೆರಿಲ್ ಕೂಗಿದಳು. “ಕ್ಲೆಮ್ ನಿನ್ ಬಗ್ಗೆ ಬರೆದಿದ್ದು ಎಲ್ಲರಿಗೂ ಬಂತಪ್ಪಾ!”

“ನೀವೆಲ್ಲ ಏನು ಸಲಹೆ ಕೊಟ್ರಿ?” ಎಂದ ಮರ್ವ್, ಆಸೆಯಿಂದ.

“ಇಡೀ ಕ್ಲಬ್ಬೇ ಒಪ್ಪಿದೆ ಕಣಪ್ಪ. ಒಂದಕ್ಷರ ಬದಲಾಯಿಸೋ ಹಾಗಿಲ್ಲ!”