ಶಹಾಬಾದಿನ ಮಳೆಕಾಡು ದ್ವೀಪ ಮತ್ತು ಅದರ ಏಕೈಕ ಮೂಲನಿವಾಸಿ

ಶಹಾಬಾದ್ ಮತ್ತು ವಾಡಿಯ ನಡುವೆ ಸಮುದ್ರವಿಲ್ಲ. ಈ ಕೊರತೆ ಬಹಳ ಕಾಲದಿಂದಲೂ ಇದೆ. ಆದರೆ ಸರ್ಕಾರವು ಮಳೆಕಾಡು ದ್ವೀಪ ಸಂರಕ್ಷಣಾ ಯೋಜನೆಯನ್ನು ಘೋಷಿಸಿ, ಅದರ ಅನುದಾನವೆಲ್ಲ ಕರಾವಳಿಯ ಕಡೆಗೇ ಹರಿಯತೊಡಗಿದ ಮೇಲಷ್ಟೇ ಇದು ಘೋರ ಅನ್ಯಾಯವೆಂಬುದು ನಮ್ಮ ಭಾಗದ ಮುಖಂಡರಿಗೆ ಮನವರಿಕೆಯಾಯಿತು. ಸಮುದ್ರವಿಲ್ಲದ ತಾಲ್ಲೂಕುಗಳ ಬಗ್ಗೆ ಮಲತಾಯಿ ಧೋರಣೆ ಸಲ್ಲದೆಂದು ಸೇಡಂನಲ್ಲಿ ರಸ್ತೆ ತಡೆ ನಡೆಯಿತು. ಚಿತ್ತಾಪುರದಲ್ಲಿ ಅಂಗಡಿಗಳನ್ನು ಮುಚ್ಚಿಸಲಾಯಿತು. ಸರ್ಕಾರ ಮಣಿಯಿತು. ಸಮುದ್ರ ಕೊಡುವುದು ಸದ್ಯಕ್ಕೆ ಕಷ್ಟ, ದ್ವೀಪವನ್ನಾದರೆ ಮಂಜೂರು ಮಾಡಬಹುದು ಎಂದಿತು.

ಚಿಂಚೋಳಿ ಕಡೆ ಗುಡ್ಡವಿದೆ, ಕಾಡಿದೆ, ಕಾಡಿನಲ್ಲಿ ಪ್ರಾಣಿಗಳೂ ಇವೆ, ಆ ಹಣವನ್ನು ಅಲ್ಲಿಯೇ ಏಕೆ ಖರ್ಚು ಮಾಡಬಾರದು ಎಂದು ಐನಾಪುರದ ಕೆಲವರು ಕೇಳಿದ್ದುಂಟು. ಅಲ್ಲಿ ಕಾಡು ಈಗಾಗಲೇ ಇರುವುದರಿಂದ ಮಾಡುವ ಕೆಲಸ ಏನೂ ಉಳಿದಿಲ್ಲ, ಮೇಲಾಗಿ ಅದರ ಸುತ್ತ ನೀರಿಲ್ಲ ಎಂದು ಅವರಿಗೆ ತಿಳಿಹೇಳಲಾಯಿತು.

ದ್ವೀಪ ಸಿಕ್ಕಿದ್ದು ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟುಹೋದ ಒಂದು ಹಳೆಯ ಖಣಿಯಲ್ಲಿ. ಖಣಿಯ ತುಂಬ ಮಳೆನೀರು ನಿಂತಿತ್ತು. ಕಲ್ಲು ಸರಿಯಿಲ್ಲವೆಂದು ಅಗೆಯದೆ ಉಳಿಸಿದ್ದ ದಿಬ್ಬವೊಂದು ನಡುವೆ ಇತ್ತು. ದಿಬ್ಬದ ಮೇಲೆ ಒಂದು ಬೇವಿನ ಮರ, ಒಂದಿಷ್ಟು ಜಾಲಿ ಕಂಟಿ, ಕೆಲವು ಉಡ, ಸಂಜೆಗೆ ಬಂದು ಕೂರುವ ಕೊಕ್ಕರೆಗಳು. ಸುತ್ತಲೂ ನೀರಿರುವ ನೆಲವೇ ದ್ವೀಪವೆಂದು ಪ್ರಾಥಮಿಕ ಶಾಲೆಯ ಪುಸ್ತಕದಲ್ಲೇ ಇರುವುದರಿಂದ ತಾಂತ್ರಿಕ ಅಡಚಣೆ ಉಂಟಾಗಲಿಲ್ಲ.

ಕೂಡಲೇ ಮಳೆಕಾಡು ದ್ವೀಪ ಮಂಡಳಿ ಸ್ಥಾಪನೆಯಾಯಿತು. ಅದುವರೆಗೆ ಬೀದಿದೀಪಗಳ ಉಸ್ತುವಾರಿಯಲ್ಲಿದ್ದ ದೇವಿಂದ್ರಪ್ಪನವರು ಅದರ ಮುಖ್ಯಾಧಿಕಾರಿಯಾದರು. ನಿಜವಾದ ಮಳೆಕಾಡು ದ್ವೀಪ ಹೇಗಿರುತ್ತದೆಂದು ಅಧ್ಯಯನ ಮಾಡಲು ಅವರು ಮಂಡಳಿಯ ಸದಸ್ಯರೊಂದಿಗೆ, ಸದಸ್ಯರು ತಮ್ಮ ಕುಟುಂಬಗಳೊಂದಿಗೆ, ವಿದೇಶಕ್ಕೆ ಹೋಗಿಬಂದರು. ಅಲ್ಲಿ ಕಂಡದ್ದೇನೆಂದು ಪತ್ರಕರ್ತರು ಕೇಳಿದಾಗ ದೇವಿಂದ್ರಪ್ಪನವರು ಹೀಗೆ ವಿವರಿಸಿದರು:

"ಅಲ್ಲಿ ಭಾಳ ಗಿಡ ಅವರಿ. ಭಾಳ ಮಳಿ. ಗಿಡದ ಮ್ಯಾಲ ಮಂಗ್ಯಾ, ಗಿಡದ ಬುಡಕ ನೀರು. ನೀರು ನಮ್ಮಲ್ಲಿ ಮೊದಲೇ ಅದ. ಉಳಿದದ್ದಕ್ಕ ಟೆಂಡರ್ ಕರೀತೀವಿ."

ಟೆಂಡರಿನಂತೆ ಚಿಂಚೋಳಿ ಕಡೆಯ ಕಾಡಿನಿಂದ ದೊಡ್ಡ ಮರಗಳನ್ನು ಬೇರುಸಮೇತ ಕಿತ್ತು ಲಾರಿಗಳಲ್ಲಿ ತಂದು ದಿಬ್ಬದ ಮೇಲೆ ನೆಡಲಾಯಿತು. ಅಡಿಯಲ್ಲಿ ಬರೀ ಪರಸಿ ಇದ್ದುದರಿಂದ ಅವು ಮೊದಲ ಬೇಸಿಗೆಗೇ ಒಣಗಿದವು. ಒಣಗಿದ ಮರಗಳಿಗೆ ಹಸಿರು ಬಣ್ಣ ಬಳಿದು, ಪ್ಲಾಸ್ಟಿಕ್ ಬಳ್ಳಿಗಳನ್ನು ಹಬ್ಬಿಸಲಾಯಿತು. ಬೇವಿನ ಮರದಲ್ಲಿ ಧ್ವನಿವರ್ಧಕ ಕಟ್ಟಿ ದೂರದೇಶದ ಹಕ್ಕಿಗಳ ಕೂಗು ಹಾಕಿದರು. ಅದನ್ನು ಕೇಳಿ ಕೊಕ್ಕರೆಗಳು ಹಾರಿಹೋದವು, ಮತ್ತೆ ಬರಲಿಲ್ಲ. ಮಳೆಯನ್ನು ಪಂಪಿನಿಂದ ಸುರಿಸುವ ವ್ಯವಸ್ಥೆಯಾಯಿತು. ಅದು ಕಚೇರಿ ವೇಳೆಯಲ್ಲಿ ಸುರಿಯುತ್ತಿತ್ತು, ಊಟದ ಹೊತ್ತಿಗೆ ನಿಲ್ಲುತ್ತಿತ್ತು, ಸರ್ಕಾರಿ ರಜಾದಿನಗಳಂದು ಇರುತ್ತಿರಲಿಲ್ಲ.

ವನ್ಯಜೀವಿಗಳನ್ನು ಗುರುತಿಸಲು ಲುಂಬಿನಿ ಎಂಬ ಯುವತಿಯನ್ನು ಗುತ್ತಿಗೆಯ ಮೇಲೆ ನೇಮಿಸಿಕೊಂಡಿದ್ದರು. ಆಕೆ ಪ್ರಾಣಿಶಾಸ್ತ್ರ ಓದಿದವಳು. ದಡದಲ್ಲಿ ನಿಂತು, ನೀರಿನಲ್ಲಿ ಮುಳುಗಿ ಕುಳಿತಿದ್ದ ದೊಡ್ಡ ಜಲಚರವನ್ನು ನೋಡಿ ಆಕೆ ಹೇಳಿದಳು:

"ಸರ್, ಅದು ಎಮ್ಮಿ ಅದರಿ."

"ಎಮ್ಮಿ ಅಂತ ಯಾರಂದಾರ?" ಎಂದರು ದೇವಿಂದ್ರಪ್ಪನವರು.

"ಅದನ್ನ ಸಾಕಿದಾಕಿ ಬಷೀರಾ ಅಂದಾಳ್ರಿ."

"ಆಕಿ ಏನು ವಿಜ್ಞಾನಿ ಏನು? ನೀವು ವಿಜ್ಞಾನಿ. ನಿಮ್ಮ ಗುತ್ತಿಗಿ ಮುಂದಿನ ತಿಂಗಳ ಮುಗೀತದ. ಚಂದಂಗ ನೋಡಿ ಹೇಳ್ರಿ."

ಲುಂಬಿನಿ ಚಂದಂಗ ನೋಡಿದಳು. ಅಂದಿನಿಂದ ಅದು ಸಿಹಿನೀರಿನ ಕರಿ ಜಲಗಜವೆಂದು, ಉಡವು ಕಿರಿ ಡ್ರ್ಯಾಗನ್ ಎಂದು ಮಾನ್ಯತೆ ಪಡೆದವು. ಲುಂಬಿನಿಯ ಗುತ್ತಿಗೆ ಮುಂದುವರಿಯಿತು.

ಈ ಖಣಿಯ ದಂಡೆಯ ಮೇಲೆ ಅಂಬರಾಯನ ಮನೆ. ಅವನದು ತಲೆಮಾರುಗಳಿಂದ ಕಾಗಿಣಾ ನದಿಯ ದಂಡೆಯಲ್ಲಿ ಬದುಕಿದ ಮನೆತನ. ನದಿಯ ಮರಳೆಲ್ಲ ಟಿಪ್ಪರ್ ಹತ್ತಿ ಹೋದ ಮೇಲೆ ಮೀನೂ ಹೋಯಿತು, ಅಂಬರಾಯ ಬಲೆ ತೆಗೆದುಕೊಂಡು ಖಣಿಗೆ ಬಂದ. ಇಲ್ಲಿ ಅವನು ಹಿಡಿದ ಜಿಲೇಬಿ ಮೀನನ್ನು ಹೆಂಡತಿ ಚಂದಮ್ಮ ವಾಡಿಯ ಬಜಾರಿಗೆ ಒಯ್ದು ಮಾರುತ್ತಿದ್ದಳು. ಅದರಲ್ಲಿಯೇ ಮಗಳು ಭಾಗ್ಯಜ್ಯೋತಿ ಬಿ.ಎ. ಮುಗಿಸಿದ್ದಳು.

ದ್ವೀಪಕ್ಕೆ ದರ್ಜೆ ನೀಡಲು ಉನ್ನತ ಸಮಿತಿ ಬಂದ ದಿನ ಅಂಬರಾಯ ದಿಬ್ಬದ ಮೇಲೆ ಲುಂಗಿ ಮೇಲಕ್ಕೆ ಕಟ್ಟಿ, ಬಲೆ ಒಣಹಾಕುತ್ತಿದ್ದ. ಸಮಿತಿಯ ಮೋಟಾರು ದೋಣಿ ನೇರವಾಗಿ ಬಂದು, ಅವನು ನೀರಿನಲ್ಲಿ ಹರಡಿದ್ದ ಇನ್ನೊಂದು ಬಲೆಯನ್ನು ಹರಿದುಕೊಂಡು ಸಾಗಿತು.

"ಏ! ಕಣ್ಣು ಕಾಣ್ಸಂಗಿಲ್ಲೇನು? ಬಲಿ ಹರದ್ರಲ್ಲೋ!" ಎಂದು ಕೂಗಿ ಅಂಬರಾಯ ಒಂದು ಕಲ್ಲು ಬೀಸಿದ. ಅದು ಸಮಿತಿಯ ಅಧ್ಯಕ್ಷರ ಟೊಪ್ಪಿಗೆಯನ್ನು ಹಾರಿಸಿತು.

ಅಧ್ಯಕ್ಷರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಆನಂದಪರವಶರಾದರು. ಹೊರಜಗತ್ತಿನ ಸಂಪರ್ಕವಿಲ್ಲದ, ಪರಕೀಯರನ್ನು ಕಲ್ಲೆಸೆದು ಓಡಿಸುವ ಮೂಲನಿವಾಸಿ ಇದ್ದರೆ ಅಂಥ ದ್ವೀಪಕ್ಕೆ ಪ್ರಥಮ ದರ್ಜೆ ಎಂಬುದು ಯೋಜನೆಯ ನಿಯಮ. ಅವರು ದೋಣಿಯಲ್ಲಿಯೇ ಪ್ರಥಮ ದರ್ಜೆ ಘೋಷಿಸಿದರು. ದೇವಿಂದ್ರಪ್ಪನವರಿಗೆ ಅಂಬರಾಯನ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ದರ್ಜೆ ಘೋಷಣೆಯಾದ ಮೇಲೆ ಪರಿಚಯ ಹೇಳಿಕೊಳ್ಳುವುದು ಶಿಷ್ಟಾಚಾರವಲ್ಲವೆಂದು ಸುಮ್ಮನಿದ್ದರು.

ಮಾರನೆಯ ದಿನ ಮಂಡಳಿಯ ಪ್ರಕಟಣೆ ಹೊರಬಿತ್ತು. "ದ್ವೀಪವಾಸಿಯ ಸಂಸ್ಕೃತಿಯ ರಕ್ಷಣೆಗಾಗಿ ಆತನನ್ನು ಯಾರೂ ಮಾತನಾಡಿಸತಕ್ಕದ್ದಲ್ಲ, ಮುಟ್ಟತಕ್ಕದ್ದಲ್ಲ. ಆತ ದ್ವೀಪವನ್ನು ಬಿಟ್ಟು ಹೊರಬಂದಲ್ಲಿ ಸದರಿ ಸಂಸ್ಕೃತಿಯನ್ನು ನಾಶಪಡಿಸಿದ ಅಪರಾಧಕ್ಕೆ ಆತನೇ ಹೊಣೆಗಾರನಾಗತಕ್ಕದ್ದು."

ಬಲೆ ಎತ್ತಲು ದಿಬ್ಬಕ್ಕೆ ಬಂದಿದ್ದ ಅಂಬರಾಯನಿಗೆ ಪ್ರತ್ಯೇಕವಾಗಿ ತಿಳಿಸುವುದು ನಿಯಮಬಾಹಿರವಾದ್ದರಿಂದ ದೇವಿಂದ್ರಪ್ಪನವರು ದೋಣಿಯಲ್ಲಿ ಬೆನ್ನು ತಿರುಗಿಸಿ ಕುಳಿತು, ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಮಾತನಾಡಿಕೊಂಡರು.

"ದ್ವೀಪದಾಗ ಮನುಷ್ಯಾ ಇದ್ರ ದಂಡೀ ಮ್ಯಾಗಿನ ಮನಿ ಉಳೀತದ, ಮೀನಿನ ಹಕ್ಕು ಉಳೀತದ. ಮನುಷ್ಯಾ ಹೋದ್ರ ಮನಿ ಅತಿಕ್ರಮಣ ಆಗ್ತದ. ಜೆಸಿಬಿ ತಯಾರ ಅದ."

ಅಂಬರಾಯ ದಂಡೆಯ ಮೇಲಿನ ತನ್ನ ಮನೆಯ ಕಡೆ ನೋಡಿದ. ಆಮೇಲೆ ಹಸಿರು ಬಣ್ಣದ ಮರವೊಂದಕ್ಕೆ ಒರಗಿ ಕುಳಿತ. ಬಣ್ಣ ಬೆನ್ನಿಗೆ ಅಂಟಿತು.

ಚಂದಮ್ಮ ಮಂಡಳಿಯ ಕಚೇರಿಗೆ ಹೋದಳು.

"ಸಾಹೇಬ್ರ, ನಮ್ಮ ಮನಿಯವರಿಗಿ ಮನೀಗಿ ಬಿಡ್ರಿ."

"ಕುಂದ್ರವ್ವ. ಯಾರು ನಿಮ್ಮ ಮನಿಯವ್ರು?"

"ಅಂಬರಾಯ ರೀ. ಹೋದ ವಾರ ನೀವು ನಮ್ಮ ಮನ್ಯಾಗೇ ಕುಂತು ಮೀನು ಉಂಡ್ರಲ್ಲರಿ."

"ಆ ಅಂಬರಾಯ ಬ್ಯಾರೆ, ಈ ದ್ವೀಪವಾಸಿ ಬ್ಯಾರೆ. ಇವರಿಗಿ ಹೊರಗಿನವರ ಸಂಪರ್ಕನೇ ಇಲ್ಲ."

"ಮದಿವ್ಯಾಗಿ ಸಂಸಾರ ಮಾಡಿ ಮಗಳಿಗಿ ಹಡದೀನಲ್ಲರಿ ಯಪ್ಪಾ, ಅದು ಸಂಪರ್ಕ ಅಲ್ಲೇನು?"

ಚಂದಮ್ಮ ಗಂಡನ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ದೇವಿಂದ್ರಪ್ಪನವರು ಅದನ್ನು ತಿರುಗಿಸಿ ನೋಡಿ ಬೇಸರದಿಂದ ತಲೆಯಾಡಿಸಿದರು.

"ಸಂಪರ್ಕ ಇಲ್ಲದವರ ಹತ್ರ ಆಧಾರ್ ಹ್ಯಾಂಗ ಬರ್ತದವ್ವ? ಇದು ಖೊಟ್ಟಿ ಅದ. ನಾ ಪೊಲೀಸರಿಗಿ ಹೇಳಬೇಕು. ಆದ್ರ ನಿನ್ನ ಮೀನು ಉಂಡೀನಿ, ಹೇಳಂಗಿಲ್ಲ."

ಕಾರ್ಡನ್ನು ಅವರು ಡ್ರಾಯರಿನಲ್ಲಿ ಹಾಕಿಕೊಂಡರು. ಅದೇ ತಿಂಗಳು ಅಂಬರಾಯನ ಪಾಲಿನ ರೇಷನ್ ಅಕ್ಕಿಯೂ ನಿಂತಿತು. ಚಂದಮ್ಮ ಮತ್ತೆ ಕಚೇರಿಗೆ ಬಂದಳು.

"ಉಪವಾಸ ಸಾಯ್ತಾರ್ರಿ ಅವ್ರು. ರೊಟ್ಟಿಯರ ಕೊಡ್ಲೇನು?"

"ಕೈಲಿ ಕೊಟ್ರ ಸಂಪರ್ಕ ಆಗ್ತದ. ತೇಲಿ ಹೋದ್ರ ಅದು ಪ್ರಕೃತಿ," ಎಂದರು ದೇವಿಂದ್ರಪ್ಪನವರು. ಅವರು ಮನುಷ್ಯತ್ವವಿಲ್ಲದವರಲ್ಲ.

ಅಂದಿನಿಂದ ಚಂದಮ್ಮ ಥರ್ಮಾಕೋಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟು ನೀರಿಗೆ ಬಿಡತೊಡಗಿದಳು. ಗಾಳಿ ಬಂದ ದಿನ ಅದು ದಿಬ್ಬಕ್ಕೆ ಹೋಗುತ್ತಿತ್ತು. ಗಾಳಿಯಿಲ್ಲದ ದಿನ ಬಷೀರಾಳ ಎಮ್ಮೆ ತಿನ್ನುತ್ತಿತ್ತು. ದಡದಲ್ಲಿ ನಿಂತು ಚಂದಮ್ಮ ಸೆರಗಿನಿಂದ ಗಾಳಿ ಬೀಸುವುದನ್ನು ಕಾವಲುಗಾರರು ಕಂಡರೂ, ಅದು ಸಂಪರ್ಕವೋ ಹವಾಮಾನವೋ ಎಂಬ ಬಗ್ಗೆ ಮೇಲಿನಿಂದ ಸ್ಪಷ್ಟನೆ ಬಾರದ್ದರಿಂದ ಸುಮ್ಮನಿದ್ದರು.

ಒಮ್ಮೆ ಚಂದಮ್ಮನಿಗೆ ಜ್ವರ ಬಂದು ಎರಡು ದಿನ ಡಬ್ಬಿ ಬರಲಿಲ್ಲ. ಅಂಬರಾಯ ಹಾಡುಹಗಲಲ್ಲೇ ನೀರಿಗೆ ಧುಮುಕಿ, ಈಜಿ ದಡ ಸೇರಿ, ಮನೆಯೊಳಗೆ ನುಗ್ಗಿ ಹೆಂಡತಿಯ ಹಣೆ ಮುಟ್ಟಿ ನೋಡಿದ.

"ಯಾಕ ಬಂದ್ರಿ? ಮನಿ ಕೆಡವ್ತಾರ, ಹೋಗ್ರಿ," ಎಂದು ಚಂದಮ್ಮ ಅತ್ತಳು.

"ಕೆಡವಲಿ. ನೀನೇ ಇಲ್ಲಂದ್ರ ಮನಿ ತಗೊಂಡು ಏನ್ ಮಾಡ್ಲಿ?" ಎಂದ ಅಂಬರಾಯ.

ಅಷ್ಟರಲ್ಲಿ ಮಂಡಳಿಯ ಜೀಪು ಬಂತು. ನಾಲ್ಕೂ ಕಡೆಯಿಂದ ಬಲೆ ಹಾಕಿ ಅವನನ್ನು ಹಿಡಿದರು. ಬಲೆ ಅವನದೇ. ಪತ್ರಿಕೆಗಳಲ್ಲಿ ಸುದ್ದಿ ಬಂತು: "ದಾರಿ ತಪ್ಪಿ ಜನವಸತಿಗೆ ನುಗ್ಗಿದ್ದ ದ್ವೀಪವಾಸಿಯನ್ನು ಸುರಕ್ಷಿತವಾಗಿ ಸೆರೆಹಿಡಿದು, ಆರೋಗ್ಯ ತಪಾಸಣೆಯ ನಂತರ ಸಹಜ ಆವಾಸಸ್ಥಾನಕ್ಕೆ ಮರಳಿ ಬಿಡಲಾಗಿದೆ. ಸಾರ್ವಜನಿಕರು ಆತಂಕಪಡಬೇಕಾಗಿಲ್ಲ." ಬಿಡುವ ಸಮಾರಂಭಕ್ಕೆ ಶಾಮಿಯಾನ ಹಾಕಿದ್ದರು. ಜ್ವರದಲ್ಲೇ ಎದ್ದು ಬಂದ ಚಂದಮ್ಮನಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು.

ಸುದ್ದಿಯಿಂದ ಪ್ರವಾಸಿಗರು ಹೆಚ್ಚಾದರು. ಮಾರ್ಗದರ್ಶಿಯ ಹುದ್ದೆಗೆ ಸ್ಥಳೀಯರಿಗೇ ಆದ್ಯತೆಯೆಂದು ಮಂಡಳಿ ಸಾರಿದಾಗ ಭಾಗ್ಯಜ್ಯೋತಿ ಅರ್ಜಿ ಹಾಕಿದಳು.

"ಸ್ವಂತ ಅಪ್ಪಗ ಮಂದಿಗಿ ತೋರಸ್ತೀಯೇನ?" ಎಂದು ಚಂದಮ್ಮ ಕೇಳಿದಳು.

"ಹಂಗಾರ ದಿನಾ ಅಪ್ಪನ ಮಾರಿ ನೋಡಲಿಕ್ಕಿ ಬ್ಯಾರೆ ದಾರಿ ಎಲ್ಲದವ್ವ?" ಎಂದಳು ಮಗಳು.

ಭಾಗ್ಯಜ್ಯೋತಿ ದೋಣಿಯಲ್ಲಿ ಮೈಕು ಹಿಡಿದು, ಮಂಡಳಿ ಕಲಿಸಿದಷ್ಟನ್ನೇ ಹೇಳುತ್ತಿದ್ದಳು. ದೋಣಿ ಹತ್ತಿರ ಬಂದಾಗ ಅಂಬರಾಯ ನಿಯಮದಂತೆ ಕಲ್ಲು ಎಸೆಯುತ್ತಿದ್ದ. ಮಗಳು ಯಾವ ಬದಿಯಲ್ಲಿ ನಿಂತಿರುವಳೆಂದು ನೋಡಿ, ಇನ್ನೊಂದು ಬದಿಗೆ ಎಸೆಯುತ್ತಿದ್ದ.

ಮುಂದಿನ ವರ್ಷ ಕಾಳಗಿಯ ತಮ್ಮಣ್ಣ ಎಂಬ ವರನೊಂದಿಗೆ ಭಾಗ್ಯಜ್ಯೋತಿಯ ಮದುವೆ ನಿಶ್ಚಯವಾಯಿತು. ಒಂದು ದಿನದ ಮಟ್ಟಿಗೆ ಗಂಡನನ್ನು ಕಳಿಸಿರೆಂದು ಚಂದಮ್ಮ ದೇವಿಂದ್ರಪ್ಪನವರ ಕಾಲು ಹಿಡಿದಳು. ಅವರ ಕಣ್ಣಲ್ಲೂ ನೀರು ಬಂತು. ನಿಯಮದಲ್ಲಿ ಅವಕಾಶವಿಲ್ಲ, ಆದರೆ ಮದುವೆಯನ್ನೇ ದಡದಲ್ಲಿ ಮಾಡಿದರೆ ಮಂಡಳಿಯ ಆಕ್ಷೇಪಣೆ ಇಲ್ಲ ಎಂದರು. ಕಾಳಗಿಯ ಬೀಗರು ಮೊದಲು ಹಿಂದೇಟು ಹಾಕಿದರು. ಪ್ರಥಮ ದರ್ಜೆಯ ಮೂಲನಿವಾಸಿಯ ಸಂಬಂಧವೆಂದು ಯಾರೋ ಹೇಳಿದ ಮೇಲೆ ಒಪ್ಪಿದರು.

ಮದುವೆ ಕಚೇರಿ ಕೆಲಸದ ದಿನವೇ ಬಿದ್ದಿತ್ತು. ಹೀಗಾಗಿ ದಿಬ್ಬದ ಮೇಲೆ ಪಂಪಿನ ಮಳೆ ಸುರಿಯುತ್ತಿತ್ತು. ತಾಳಿ ಕಟ್ಟಿದ್ದೇ ತಡ, ಪ್ರವಾಸಿಗರ ದೋಣಿ ತುಂಬಿದೆ, ಬದಲಿ ಮಾರ್ಗದರ್ಶಿ ಇಲ್ಲ ಎಂದು ಕಾವಲುಗಾರ ಓಡಿಬಂದ. ಭಾಗ್ಯಜ್ಯೋತಿ ಬಾಸಿಂಗ ಕಟ್ಟಿಕೊಂಡೇ ದೋಣಿ ಹತ್ತಿದಳು. ತಮ್ಮಣ್ಣನೂ ಹತ್ತಿದ.

ದಿಬ್ಬದ ತುದಿಯಲ್ಲಿ ಅಂಬರಾಯ ತೊಯ್ದು ನಿಂತಿದ್ದ. ಕೈಯಲ್ಲಿ ಕಲ್ಲಿರಲಿಲ್ಲ. ಹೆಂಡತಿ ತೇಲಿಬಿಟ್ಟಿದ್ದ ಡಬ್ಬಿಯಲ್ಲಿನ ಅಕ್ಕಿಕಾಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ದೋಣಿಯ ಕಡೆ ತೂರಿ ಕೂಗಿದ:

"ಸುಖವಾಗಿ ಬಾಳು ನನ್ನವ್ವಾ! ಹಾಲುಂಡು ಬಾಳು!"

ಕಾಳು ನಡುನೀರಿಗೆ ಬಿದ್ದವು. ಪ್ರವಾಸಿಗರು ಫೋಟೊ ತೆಗೆದರು. ಸೇಡಂನಿಂದ ಮಕ್ಕಳನ್ನು ಕರೆತಂದಿದ್ದ ಒಬ್ಬ ಮಾಸ್ತರರು ಕುತೂಹಲದಿಂದ ಕೇಳಿದರು:

"ಏನಂತಾನವ್ವ ಅವ?"

ಭಾಗ್ಯಜ್ಯೋತಿ ಮೈಕನ್ನು ಬಾಯಿಯ ಹತ್ತಿರ ತಂದಳು. ತಮ್ಮಣ್ಣ ಅವಳ ಮುಂಗೈಯನ್ನು ಹಿಡಿದುಕೊಂಡ.

"ಅವರ ಭಾಷಾ ಇನ್ನತನಕ ಯಾರಿಗೂ ತಿಳಿದಿಲ್ಲರಿ," ಎಂದಳು.

ಮಾಸ್ತರರು ಹೌದೆಂದು ತಲೆಯಾಡಿಸಿದರು. ಮಕ್ಕಳೂ ತಲೆಯಾಡಿಸಿದರು. ದಡದಲ್ಲಿ ಊಟಕ್ಕೆ ಕುಳಿತಿದ್ದ ಬೀಗರು, ಲುಂಬಿನಿ, ಬಷೀರಾ, ಬಡಿಸುತ್ತಿದ್ದ ಚಂದಮ್ಮ, ಎಲ್ಲರಿಗೂ ಮೈಕಿನ ಮಾತು ಸ್ಪಷ್ಟವಾಗಿ ಕೇಳಿಸಿತು. ಯಾರೂ ಆಕ್ಷೇಪಿಸಲಿಲ್ಲ.